ಪ್ರಮಾಣಪತ್ರ ಹಂಚಿ ಕೈತೊಳೆದುಕೊಂಡ ವ್ಯವಸ್ಥೆ

ಅಂಗವಿಕಲರಿಗೆ ಉದ್ಯೋಗ ಕೌಶಲ ಕಲಿಸಲು ಸರ್ಕಾರಗಳು ಕಟ್ಟಿದ ವ್ಯವಸ್ಥೆ ಸೋತಿದೆ. ಕಾನೂನು ಇಲ್ಲದೆ ಸೋತಿದೆ ಎನ್ನುವಂತಿಲ್ಲ, ದೇಶದಲ್ಲಿ ಒಳ್ಳೆಯ ಕಾನೂನೇ ಇದೆ. ಕಲಿಯಲು ಬಂದವರಲ್ಲಿ ಶಕ್ತಿ ಸಾಲದೆ ಸೋತಿದೆ ಎಂಬುದಂತೂ ಸುಳ್ಳು. ತಾನು ಯಾವುದಕ್ಕೆ ಉತ್ತರದಾಯಿ ಎಂಬುದನ್ನೇ ಈ ವ್ಯವಸ್ಥೆ ತಪ್ಪಾಗಿ ನಿಶ್ಚಯಿಸಿಕೊಂಡಿದೆ. ತರಬೇತಿ ಮುಗಿಸಿದವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ವರ್ಷ ಕಳೆದ ಮೇಲೂ ಎಷ್ಟು ಮಂದಿ ಆ ಕೆಲಸದಲ್ಲಿದ್ದಾರೆ, ಎಷ್ಟು ಸಂಬಳ ಮನೆಗೆ ತರುತ್ತಿದ್ದಾರೆ ಎಂದು ಅದು ಕೇಳುವುದಿಲ್ಲ. ಎಷ್ಟು ಪ್ರಮಾಣಪತ್ರ ವಿತರಣೆಯಾಯಿತು ಎಂದಷ್ಟೇ ಎಣಿಸುತ್ತದೆ. ಎಣಿಕೆ ತಪ್ಪಿದ ಕಡೆ ಕೆಲಸವೂ ತಪ್ಪುತ್ತದೆ.

2015ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಂಗವಿಕಲರ ಕೌಶಲಾಭಿವೃದ್ಧಿಗಾಗಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಮೊದಲ ಮೂರು ವರ್ಷಗಳಲ್ಲಿ ಐದು ಲಕ್ಷ ಜನರಿಗೆ ತರಬೇತಿ ಕೊಡುವುದು ಅದರ ಗುರಿಯಾಗಿತ್ತು. ಆ ಗುರಿಯ ಹತ್ತಿರಕ್ಕೂ ಯೋಜನೆ ಹೋಗಲಿಲ್ಲ. ಅದೇ ವರ್ಷ ಅಂಗವಿಕಲರಿಗಾಗಿಯೇ ಪ್ರತ್ಯೇಕ ಕೌಶಲ ಮಂಡಳಿಯೂ ಹುಟ್ಟಿತು, ಪಠ್ಯಕ್ರಮಗಳು ಬಂದವು, ಮುಂದೆ ಪೋರ್ಟಲ್‌ಗಳು ಬಂದವು. ಸಂಸ್ಥೆ ಕಟ್ಟುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ. ಆದರೆ ತರಬೇತಿ ಪಡೆದವರ ಬದುಕು ಬದಲಾಯಿತೇ ಎಂದು ಹಿಂದಿರುಗಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು 2018ರ ದ್ವಿತೀಯಾರ್ಧದಲ್ಲಿ ಅಂಗವಿಕಲರ ಸ್ಥಿತಿಗತಿಯನ್ನು ಅಳೆಯಿತು. 15 ವರ್ಷ ಮೇಲ್ಪಟ್ಟ ಅಂಗವಿಕಲರಲ್ಲಿ ದುಡಿಯುತ್ತಿರುವ ಅಥವಾ ಕೆಲಸ ಹುಡುಕುತ್ತಿರುವವರು ಶೇ 23.8 ಮಾತ್ರ. ಅದೇ ಕಾಲದಲ್ಲಿ ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಶೇ 50ರ ಆಸುಪಾಸಿನಲ್ಲಿತ್ತು. ಇದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ, ಅದನ್ನು ಓದುವಾಗ ಎಚ್ಚರ ಬೇಕು. ಅಂಗವಿಕಲರಲ್ಲಿ ನಿರುದ್ಯೋಗ ಶೇ 4.2 ಎಂದು ಸಮೀಕ್ಷೆ ಹೇಳುತ್ತದೆ. ಇದು ದೇಶದ ಒಟ್ಟು ನಿರುದ್ಯೋಗಕ್ಕಿಂತಲೂ ಕಡಿಮೆ. ಇದನ್ನು ನೆಮ್ಮದಿಯ ಸುದ್ದಿ ಎಂದು ಓದಿದ ಅಧಿಕಾರಿ ತನ್ನ ಕುರ್ಚಿಗೆ ಯೋಗ್ಯನಲ್ಲ. ಕೆಲಸ ಹುಡುಕುವವರನ್ನು ಮಾತ್ರ ನಿರುದ್ಯೋಗಿಗಳೆಂದು ಲೆಕ್ಕ ಹಿಡಿಯಲಾಗುತ್ತದೆ. ನೂರರಲ್ಲಿ ಎಪ್ಪತ್ತಾರು ಮಂದಿ ಕೆಲಸ ಹುಡುಕುತ್ತಲೇ ಇಲ್ಲ. ಅವರಲ್ಲಿ ಅನೇಕರು ಕೆಲಸದ ಆಸೆಯನ್ನೇ ಬಿಟ್ಟಿದ್ದಾರೆ, ಇಲ್ಲವೇ ಮನೆಯವರು ಬಿಡಿಸಿದ್ದಾರೆ, ಇಲ್ಲವೇ ಅವರ ದೇಹಸ್ಥಿತಿಗೆ ಹೊಂದುವ ಕೆಲಸವನ್ನು ಊರಲ್ಲಿ ಯಾರೂ ತೋರಿಸಿಲ್ಲ. ಅವರು ಲೆಕ್ಕದಿಂದಲೇ ಹೊರಗೆ ಬಿದ್ದಿದ್ದಾರೆ.

ಅದೇ ಸಮೀಕ್ಷೆಯ ಪ್ರಕಾರ ಅಂಗವೈಕಲ್ಯದ ಪ್ರಮಾಣಪತ್ರ ಇದ್ದದ್ದು ಶೇ 28.8 ಜನರಿಗೆ ಮಾತ್ರ. ಸರ್ಕಾರಿ ತರಬೇತಿಗೆ ಸೇರಲು, ಸಾಲಕ್ಕೆ ಅರ್ಜಿ ಹಾಕಲು, ಮೀಸಲಾತಿ ಕೇಳಲು ಮೊದಲು ಬೇಕಾದ ಕಾಗದವೇ ಅದು. ಆಸ್ಪತ್ರೆಯ ವೈದ್ಯಕೀಯ ಮಂಡಳಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕುಳಿತಾಗ ಜಿಲ್ಲಾ ಕೇಂದ್ರಕ್ಕೆ ಹೋಗಿ, ಸಾಲಿನಲ್ಲಿ ನಿಂತು, ತಜ್ಞರು ಬಂದಿಲ್ಲವೆಂದು ಹಿಂದಿರುಗಿ, ಮತ್ತೆ ಹೋಗುವ ಶಕ್ತಿ ಮತ್ತು ಹಣ ಇದ್ದವರ ಕೈಗೆ ಆ ಕಾಗದ ಸಿಗುತ್ತದೆ. ತರಬೇತಿಯ ಬಾಗಿಲಿಗೆ ಬರುವ ಮೊದಲೇ ಹತ್ತರಲ್ಲಿ ಏಳು ಜನ ಹೊರಗುಳಿದರು ಎಂದರೆ ಒಳಗಿನ ಪಾಠ ಎಷ್ಟು ಚೆನ್ನಾಗಿದ್ದರೇನು?

ಒಳಗಿನ ಪಾಠವೂ ಚೆನ್ನಾಗಿಲ್ಲ. ತರಬೇತಿ ಕೊಡುವ ಏಜೆನ್ಸಿಗೆ ಹಣ ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಹೋಗುತ್ತದೆ. ಆ ಹಣದ ದೊಡ್ಡ ಪಾಲು ಬ್ಯಾಚ್ ಶುರುವಾದಾಗ ಮತ್ತು ಪರೀಕ್ಷೆ ಮುಗಿದು ಪ್ರಮಾಣಪತ್ರ ಸಿಕ್ಕಾಗ ಕೈಸೇರುತ್ತದೆ. ಕೆಲಸ ಕೊಡಿಸಿದ್ದಕ್ಕೆ ಉಳಿಯುವುದು ಚಿಕ್ಕ ಪಾಲು. ಏಜೆನ್ಸಿಯವರು ಕೆಟ್ಟವರೇ ಆಗಬೇಕಿಲ್ಲ, ಲೆಕ್ಕಾಚಾರವೇ ಅವರನ್ನು ಬ್ಯಾಚ್ ತುಂಬಿಸುವ ಕೆಲಸಕ್ಕೆ ದೂಡುತ್ತದೆ. ಬ್ಯಾಚ್ ಬೇಗ ತುಂಬಬೇಕು, ಆದ್ದರಿಂದ ಕಡಿಮೆ ನೆರವು ಸಾಕಾಗುವವರನ್ನು ಆರಿಸುತ್ತಾರೆ. ಕಾಲಿನ ಅಲ್ಪ ಊನ ಇರುವವರಿಗೆ ಸೀಟು ಸಿಗುತ್ತದೆ. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗಿಗೆ, ಕಿವುಡು ಮತ್ತು ಕುರುಡು ಎರಡೂ ಇರುವ ಯುವಕನಿಗೆ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಸಿಗುವುದಿಲ್ಲ. ಅತಿ ಹೆಚ್ಚು ನೆರವು ಬೇಕಾದವರು ಈ ಯೋಜನೆಗಳಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಕಲಿಸುವ ಕಸುಬುಗಳನ್ನು ನೋಡಿ. ಅಂಧರಿಗೆ ಬೆತ್ತದ ಕುರ್ಚಿ ಹೆಣೆಯುವುದು, ಮಹಿಳೆಯರಿಗೆ ಹೊಲಿಗೆ, ಬೌದ್ಧಿಕ ಅಂಗವೈಕಲ್ಯ ಇದ್ದವರಿಗೆ ಮೇಣದಬತ್ತಿ, ಅಗರಬತ್ತಿ, ಕಾಗದದ ಕವರ್, ಕಿವುಡರಿಗೆ ಹೊಲಿಗೆ ಇಲ್ಲವೇ ಡೇಟಾ ಎಂಟ್ರಿ. ಒಂದೊಂದು ಊನಕ್ಕೆ ಒಂದೊಂದು ಕಸುಬನ್ನು ಗಂಟುಹಾಕುವ ಈ ಪದ್ಧತಿ ಕಳೆದ ಶತಮಾನದ ನಡುವಿನ ಪುನರ್ವಸತಿ ಕೇಂದ್ರಗಳಿಂದ ಬಂದದ್ದು. ಪ್ಲಾಸ್ಟಿಕ್ ಕುರ್ಚಿ ಬಂದು ದಶಕಗಳಾದವು, ಬೆತ್ತದ ಕುರ್ಚಿ ಇರುವ ಕಚೇರಿಗಳೇ ವಿರಳ. ಒಂದು ಕಾಲದಲ್ಲಿ ಬ್ಯಾಂಕು, ಆಸ್ಪತ್ರೆ, ಸಾರ್ವಜನಿಕ ಉದ್ದಿಮೆಗಳಲ್ಲಿ ಟೆಲಿಫೋನ್ ಆಪರೇಟರ್ ಹುದ್ದೆ ಅಂಧರಿಗೆ ಗೌರವದ ಅನ್ನ ಕೊಟ್ಟಿತು. ಸ್ವಯಂಚಾಲಿತ ವಿನಿಮಯ ಕೇಂದ್ರವೂ ಮೊಬೈಲೂ ಬಂದ ಮೇಲೆ ಆ ಹುದ್ದೆ ಕರಗಿಹೋಯಿತು. ಅದರ ಜಾಗಕ್ಕೆ ಯಾವ ಕೆಲಸ ಬರಬೇಕು ಎಂದು ಯೋಚಿಸಬೇಕಾದವರು ಹಳೆಯ ಪಟ್ಟಿಯನ್ನೇ ಹಿಡಿದು ಕುಳಿತರು. ಮಾರುಕಟ್ಟೆಯೇ ಇಲ್ಲದ ವಸ್ತು ಮಾಡಲು ಕಲಿಸಿ, ಆಮೇಲೆ ಮೇಳಗಳಲ್ಲಿ ಮಳಿಗೆ ಹಾಕಿಸಿ, ಕನಿಕರದಿಂದ ಕೊಳ್ಳಿರೆಂದು ಜನರನ್ನು ಕೇಳುವುದು ವೃತ್ತಿ ತರಬೇತಿ ಆಗುವುದಿಲ್ಲ.

ಕಂಪ್ಯೂಟರ್ ತರಬೇತಿಯ ಹೆಸರು ಹೇಳಿದರೆ ಸಾಲದು. ಇವತ್ತು ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್‌ನಲ್ಲಿ ಇಲ್ಲದ, ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಅದರ ಪಾಲಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಕಾಗದವನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯನ್ನು ಅದು ಓದಲಾರದು. ಸರ್ಕಾರಿ ಕಚೇರಿಗಳ ಆದೇಶ, ಅರ್ಜಿ ನಮೂನೆ, ಪಠ್ಯಸಾಮಗ್ರಿಗಳಲ್ಲಿ ಇಂಥವು ಇಂದಿಗೂ ಹೇರಳ. ಅಂಧ ಅಭ್ಯರ್ಥಿಗೆ ಕಂಪ್ಯೂಟರ್ ಕಲಿಸಿ, ಅವನು ಓದಲಾಗದ ಕಡತಗಳನ್ನು ಅವನ ಮುಂದೆ ಹಾಕುವ ಸರ್ಕಾರ ತಾನು ಕೊಟ್ಟ ತರಬೇತಿಯನ್ನು ತಾನೇ ರದ್ದು ಮಾಡಿದಂತೆ. ಕಿವುಡರ ತರಗತಿಯಲ್ಲಿ ಸಂಜ್ಞಾ ಭಾಷೆ ಬಲ್ಲ ಬೋಧಕರಿಲ್ಲದೆ ಹಲಗೆಯ ಮೇಲೆ ಬರೆದು ಮುಗಿಸುವುದೂ ಇದೇ ಜಾತಿಯ ಅನ್ಯಾಯ. ಭಾರತೀಯ ಸಂಜ್ಞಾ ಭಾಷೆಗೆ ದೆಹಲಿಯಲ್ಲಿ ರಾಷ್ಟ್ರೀಯ ಸಂಶೋಧನಾ ಮತ್ತು ತರಬೇತಿ ಕೇಂದ್ರ 2015ರಲ್ಲೇ ಆರಂಭವಾಗಿದೆ. ಅಲ್ಲಿಂದ ತಾಲ್ಲೂಕಿನ ಐಟಿಐವರೆಗೆ ದಾರಿ ಮಾಡುವ ಕೆಲಸ ರಾಜ್ಯಗಳದ್ದು, ಅದು ಆಗಿಲ್ಲ.

ಹಾಗಾದರೆ ಇದು ಆಗದ ಕೆಲಸವೇ? ಕನ್ನಡ ನಾಡಿನಲ್ಲಿ ಹಾಗೆ ಕೇಳುವ ಹಕ್ಕು ಯಾರಿಗೂ ಇಲ್ಲ. ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಯಾವ ಸರ್ಕಾರಿ ಯೋಜನೆಯೂ ಇಲ್ಲದ ಕಾಲದಲ್ಲಿ, ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಿಂದ ಅವರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರಲ್ಲಿ ಕಣ್ಮುಚ್ಚುವವರೆಗೆ ನಡೆಸಿದರು. ಪುಣ್ಯಾಶ್ರಮವನ್ನು ನಾವು ಭಕ್ತಿಯಿಂದ ಸ್ಮರಿಸುತ್ತೇವೆ, ಅದು ಸರಿಯೇ. ಆದರೆ ಅದನ್ನು ಒಂದು ವೃತ್ತಿ ತರಬೇತಿ ಸಂಸ್ಥೆಯಾಗಿ ನೋಡಿ ಪಾಠ ಕಲಿಯಲು ಆಡಳಿತ ನಡೆಸುವವರು ಮರೆತಿದ್ದಾರೆ. ಅಲ್ಲಿ ಮೂರು ತಿಂಗಳ ಕೋರ್ಸ್ ಇರಲಿಲ್ಲ. ಕಸುಬು ಕೈಗೆ ಹತ್ತುವವರೆಗೆ ವರ್ಷಗಟ್ಟಲೆ ಕಲಿಕೆ, ಕಲಿಯುವಷ್ಟು ಕಾಲವೂ ಊಟ ಮತ್ತು ವಸತಿ. ಹಾಡಲು, ಹಾರ್ಮೋನಿಯಂ ತಬಲ ನುಡಿಸಲು ಆಶ್ರಮದ್ದೇ ನಾಟಕ ಸಂಘ. ಕಲಿತದ್ದನ್ನು ನಿಜವಾದ ರಂಗದ ಮೇಲೆ, ಟಿಕೆಟ್ ಕೊಂಡ ಪ್ರೇಕ್ಷಕರ ಮುಂದೆ ಒರೆಗೆ ಹಚ್ಚುವ ಅವಕಾಶ ಅಲ್ಲಿತ್ತು. ಕಲಿಸುವವರೂ ಅಂಧರಾಗಿದ್ದುದರಿಂದ ನಿನ್ನಿಂದ ಆಗದು ಎಂಬ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಕಣ್ಣಿದ್ದವರೂ ಇಲ್ಲದವರೂ ಅಲ್ಲಿ ಒಟ್ಟಿಗೆ ಕಲಿತರು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿದ್ದ ಗಾಯಕ ಬಸವರಾಜ ರಾಜಗುರು ದೃಷ್ಟಿಯುಳ್ಳವರು. ಆಶ್ರಮದಿಂದ ಹೊರಬಂದವರು ನಾಡಿನುದ್ದಕ್ಕೂ ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು, ಮನೆ ನಡೆಸಿದರು.

ಸಂಗೀತವೊಂದೇ ದಾರಿಯಲ್ಲ. ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರಿಂದ ಕೆಲಸ ಮಾಡುತ್ತಿದೆ, ತೋಟಗಾರಿಕೆಯನ್ನು ಸಂಬಳದ ಕಸುಬಾಗಿ ಕಲಿಸಿ ತೋರಿಸಿದೆ. 1997ರಲ್ಲಿ ಶುರುವಾದ ಸಮರ್ಥನಂ ಸಂಸ್ಥೆಯನ್ನು ಕಟ್ಟಿದ ಮಹಾಂತೇಶ್ ಸ್ವತಃ ಅಂಧರು. ತಮ್ಮನ ದೃಷ್ಟಿ ಹೋದಾಗ ಅವನಿಗೆ ಕಲಿಸುತ್ತಾ ದಾರಿ ಕಂಡುಕೊಂಡ ಶಾಂತಿ ರಾಘವನ್ 1999ರಲ್ಲಿ ಎನೇಬಲ್ ಇಂಡಿಯಾ ಆರಂಭಿಸಿದರು. ಹುಬ್ಬಳ್ಳಿಯ ಒಂದು ಕಾಲೇಜಿನ ಆವರಣದಲ್ಲಿ 2017ರಲ್ಲಿ ತೆರೆದ ಮಿಟ್ಟಿ ಕೆಫೆ ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಗಲ್ಲಾದ ಮುಂದೆ ಕೂರಿಸಿತು, ಆರು ವರ್ಷದಲ್ಲಿ ಸುಪ್ರೀಂ ಕೋರ್ಟ್ ಆವರಣಕ್ಕೂ ಹೋಯಿತು. ನಮ್ಮ ಗಡಿಗೆ ತಾಗಿದ ಹೊಸೂರಿನ ಟೈಟಾನ್ ಕಾರ್ಖಾನೆ ಆರಂಭದ ವರ್ಷಗಳಿಂದಲೇ ಕಿವುಡರನ್ನೂ ಇತರ ಅಂಗವಿಕಲರನ್ನೂ ಗಡಿಯಾರ ಜೋಡಿಸುವ ಸೂಕ್ಷ್ಮ ಕೆಲಸಕ್ಕೆ ತೆಗೆದುಕೊಂಡಿತು. ಇವರೆಲ್ಲ ಬೇರೆ ಬೇರೆ ದಾರಿ ಹಿಡಿದವರು. ಆದರೂ ಕೆಲಸ ಎಲ್ಲಿದೆ ಎಂದು ಮೊದಲು ನೋಡಿ, ಅದಕ್ಕೆ ತಕ್ಕಂತೆ ಕಲಿಸುವುದು ಇವರೆಲ್ಲರ ರೀತಿ. ಸರ್ಕಾರ ಇದನ್ನು ತಲೆಕೆಳಗಾಗಿ ಮಾಡುತ್ತಿದೆ.

ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಬೇಕರಿ ಕೆಲಸ ಕಲಿಯುತ್ತಾರೆ. ಅವರು ತಯಾರಿಸಿದ ಬ್ರೆಡ್ಡು, ಬಿಸ್ಕತ್ತು ಮಾರಾಟವಾಗುತ್ತವೆ. ಈ ವರ್ಗದ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ವಿಧಗಳನ್ನು 21ಕ್ಕೆ ಏರಿಸಿ ಮಾನಸಿಕ ಕಾಯಿಲೆ, ಆಟಿಸಂ, ಕಲಿಕಾ ನ್ಯೂನತೆಗಳನ್ನು ಸ್ಪಷ್ಟವಾಗಿ ಒಳಗೊಂಡಿತು. ಇಂಥವರಿಗೆ ಬೇಕಾದದ್ದು ಇಳಿಜಾರು ದಾರಿಯೋ ಗಾಲಿಕುರ್ಚಿಯೋ ಅಲ್ಲ, ಕೆಲಸದ ಜಾಗದಲ್ಲಿ ಪಕ್ಕದಲ್ಲಿ ನಿಂತು ಕೆಲವು ತಿಂಗಳು ಕೈಹಿಡಿದು ನಡೆಸುವ ಒಬ್ಬ ಮನುಷ್ಯ. ಔಷಧದಿಂದ ಬೆಳಗಿನ ಹೊತ್ತು ಮಂಪರು ಇರುತ್ತದೆ ಎಂದು ಅರಿತು ಪಾಳಿ ಬದಲಿಸುವ ಮೇಲ್ವಿಚಾರಕ ಬೇಕು. ಒಂದು ಕೆಲಸವನ್ನು ಐದು ಸಣ್ಣ ಹಂತಗಳಾಗಿ ಬಿಡಿಸಿ ಹೇಳುವವರು ಬೇಕು. ಅಂಥವರಿಗೆ ಸಂಬಳ ಕೊಡಲು ಯಾವ ಸಾಮಾನ್ಯ ಕೌಶಲ ಯೋಜನೆಯಲ್ಲೂ ಸರಿಯಾದ ಲೆಕ್ಕಶೀರ್ಷಿಕೆ ಇಲ್ಲ. ಕಟ್ಟಡಕ್ಕೆ ಇದೆ, ಯಂತ್ರಕ್ಕೆ ಇದೆ, ಸಮಾರಂಭಕ್ಕೂ ಇದೆ.

ಕಾಯ್ದೆಯ 19ನೇ ಸೆಕ್ಷನ್ ಓದಿದವರಿಗೆ ಸರ್ಕಾರದ ಲೋಪ ಎಷ್ಟು ಗಂಭೀರ ಎಂದು ತಿಳಿಯುತ್ತದೆ. ಎಲ್ಲ ಸಾಮಾನ್ಯ ವೃತ್ತಿ ತರಬೇತಿಗಳಲ್ಲೂ ಅಂಗವಿಕಲರನ್ನು ಸೇರಿಸಿಕೊಳ್ಳಬೇಕು, ಅದಕ್ಕೆ ಬೇಕಾದ ಸೌಲಭ್ಯ ಕೊಡಬೇಕು. ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಆಟಿಸಂ ಇರುವವರಿಗೆ ಮಾರುಕಟ್ಟೆಯೊಂದಿಗೆ ಜೀವಂತ ನಂಟಿರುವ ಪ್ರತ್ಯೇಕ ತರಬೇತಿ ನಡೆಸಬೇಕು. ಕಡಿಮೆ ಬಡ್ಡಿಗೆ ಸಾಲ ಕೊಡಬೇಕು. ಅವರು ತಯಾರಿಸಿದ್ದನ್ನು ಮಾರಲು ನೆರವಾಗಬೇಕು. ತರಬೇತಿಯ ಪ್ರಗತಿಯ ಅಂಕಿಅಂಶಗಳನ್ನು ವರ್ಗವಾರು ವಿಂಗಡಿಸಿ ಇಟ್ಟುಕೊಳ್ಳಬೇಕು. ಈ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇಲಾಖೆಗಳು ಇದನ್ನೆಲ್ಲ ತಮ್ಮ ಔದಾರ್ಯವೆಂಬಂತೆ ನಡೆಸುತ್ತಿವೆ. ಇದು ಶಾಸನ ವಿಧಿಸಿದ ಕರ್ತವ್ಯ, ಮಾಡದಿದ್ದರೆ ಕಾನೂನಿನ ಉಲ್ಲಂಘನೆ.

ಕರ್ನಾಟಕದಲ್ಲಿ 2011ರ ಜನಗಣತಿಯಂತೆ 13.24 ಲಕ್ಷ ಅಂಗವಿಕಲರಿದ್ದರು. ಆಗ ಎಣಿಸಿದ್ದು ಎಂಟು ಬಗೆಯ ಅಂಗವೈಕಲ್ಯಗಳನ್ನು, ಇವತ್ತಿನ ಕಾನೂನಿನಲ್ಲಿ 21 ಇವೆ. ಇವರ ಹೊಣೆ ಹೊತ್ತ ಇಲಾಖೆ ಒಂದು, ಕೌಶಲಾಭಿವೃದ್ಧಿಯ ಇಲಾಖೆ ಇನ್ನೊಂದು, ಕಾರ್ಖಾನೆಗಳನ್ನು ಬಲ್ಲ ಕಾರ್ಮಿಕ ಇಲಾಖೆ ಮತ್ತೊಂದು. ಹುಡುಗನೊಬ್ಬನ ಕಡತ ಈ ಮೂರರ ನಡುವೆ ಅಲೆಯುತ್ತದೆ. ಹಳ್ಳಿಯ ಮಟ್ಟದಲ್ಲಿ ಇವರನ್ನು ಹೆಸರಿನಿಂದ ಬಲ್ಲವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಯಾರ ಮನೆಯಲ್ಲಿ ಹತ್ತನೇ ತರಗತಿ ಮುಗಿಸಿದ ಕಿವುಡ ಹುಡುಗಿ ಕುಳಿತಿದ್ದಾಳೆ, ಯಾರಿಗೆ ಎಲೆಕ್ಟ್ರಿಕಲ್ ಕೆಲಸದ ಕೈ ಇದೆ ಎಂಬುದು ಅವರಿಗೆ ಗೊತ್ತು. ಅವರನ್ನು ಗೌರವಧನದ ಮೇಲೆ ದುಡಿಸಿ, ಮಾಸಾಶನದ ಅರ್ಜಿ ತುಂಬಿಸುವುದಕ್ಕೂ ಗುರುತಿನ ಚೀಟಿಗೆ ಜನ ಸೇರಿಸುವುದಕ್ಕೂ ಬಳಸುತ್ತಿರುವುದು ಸರ್ಕಾರದ ದೊಡ್ಡ ಅವಿವೇಕ. ತರಬೇತಿ ಮತ್ತು ಉದ್ಯೋಗದ ಕೊಂಡಿಯಾಗಬೇಕಾದವರು ಅವರೇ.

ಮಾಸಾಶನದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಮಾಸಾಶನಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಕೆಲಸಕ್ಕೆ ಸೇರಿದರೆ ಅದು ನಿಲ್ಲಬಹುದು, ಕೆಲಸ ಹೋದರೆ ಮತ್ತೆ ಸಿಗಲು ಮೊದಲಿನಿಂದ ಅಲೆಯಬೇಕು. ಕಡಿಮೆ ಮೊತ್ತವೇ ಆದರೂ ತಿಂಗಳಿಗೊಮ್ಮೆ ಬರುವ ಹಣವನ್ನು ಬಿಟ್ಟು, ಮೂರು ತಿಂಗಳ ತರಬೇತಿಯ ಕೊನೆಗೆ ಸಿಕ್ಕರೂ ಸಿಗಬಹುದಾದ ಕೆಲಸವನ್ನು ನಂಬಿ ಎಂದು ಬಡ ತಾಯಿಯೊಬ್ಬಳಿಗೆ ಹೇಳುವ ನೈತಿಕ ಅಧಿಕಾರ ಇವತ್ತಿನ ವ್ಯವಸ್ಥೆಗೆ ಇಲ್ಲ. ಮಗಳನ್ನು ಬೇರೆ ಊರಿನ ಹಾಸ್ಟೆಲ್‌ಗೆ ಕಳಿಸಲು ಅವಳು ಹೆದರುವುದಕ್ಕೂ ಕಾರಣವಿದೆ. ಅಂಗವಿಕಲ ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ ಇರುವ ತರಬೇತಿ ಕೇಂದ್ರಗಳು ಎಷ್ಟು ಜಿಲ್ಲೆಗಳಲ್ಲಿವೆ? 2011ರ ಜನಗಣತಿಯ ಪ್ರಕಾರ ದೇಶದ ಅಂಗವಿಕಲ ಗಂಡಸರಲ್ಲಿ ಶೇ 47 ಜನ ದುಡಿಯುತ್ತಿದ್ದರೆ, ಹೆಂಗಸರಲ್ಲಿ ದುಡಿಯುತ್ತಿದ್ದವರು ಶೇ 23.

ಉದ್ಯಮಿಗಳೂ ಈ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಸರ್ಕಾರಿ ನೌಕರಿಯಲ್ಲಿ ಶೇ 4ರ ಮೀಸಲಾತಿಯನ್ನು ಕಾಯ್ದೆ ಕಡ್ಡಾಯ ಮಾಡಿದೆ. ಖಾಸಗಿಯವರ ವಿಷಯದಲ್ಲಿ, ಸಿಬ್ಬಂದಿಯಲ್ಲಿ ಕನಿಷ್ಠ ಶೇ 5 ಅಂಗವಿಕಲರಿರುವಂತೆ ಪ್ರೋತ್ಸಾಹ ಕೊಡಬೇಕೆಂದು ಮಾತ್ರ ಹೇಳಿದೆ. ಪ್ರೋತ್ಸಾಹದ ಕಥೆ ಹೊಸದಲ್ಲ. ತಿಂಗಳಿಗೆ 25,000 ರೂಪಾಯಿವರೆಗಿನ ಸಂಬಳಕ್ಕೆ ಅಂಗವಿಕಲರನ್ನು ನೇಮಿಸಿಕೊಂಡರೆ, ಭವಿಷ್ಯನಿಧಿ ಮತ್ತು ಇಎಸ್‌ಐಗೆ ಮಾಲೀಕರು ಕಟ್ಟಬೇಕಾದ ಪಾಲನ್ನು ಮೂರು ವರ್ಷ ತಾನೇ ಭರಿಸುವುದಾಗಿ ಕೇಂದ್ರ ಸರ್ಕಾರ 2008ರಲ್ಲೇ ಹೇಳಿತ್ತು. ಅದನ್ನು ಬಳಸಿಕೊಂಡವರು ಅತ್ಯಲ್ಪ. ಜಪಾನಿನಲ್ಲಿ ನಿಗದಿತ ಪ್ರಮಾಣದಷ್ಟು ಅಂಗವಿಕಲರನ್ನು ನೇಮಿಸದ ದೊಡ್ಡ ಕಂಪನಿ ದಂಡರೂಪದ ಶುಲ್ಕ ಕಟ್ಟುತ್ತದೆ, ಆ ಹಣ ನೇಮಿಸಿಕೊಂಡ ಕಂಪನಿಗಳ ನೆರವಿಗೆ ಹೋಗುತ್ತದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಆ ಪ್ರಮಾಣವನ್ನು ಶೇ 2.5ಕ್ಕೆ ಏರಿಸಲಾಯಿತು. ಬೆಂಗಳೂರಿನಲ್ಲಿ ಭೂಮಿ, ನೀರು, ತೆರಿಗೆ ರಿಯಾಯಿತಿ ಪಡೆದು ಬೆಳೆದ ಕಂಪನಿಗಳಿಗೆ ಇದೇ ನಿಯಮ ಹಾಕಲು ನಮ್ಮ ಸರ್ಕಾರಗಳು ಹಿಂಜರಿಯುತ್ತಿರುವುದೇಕೆ? ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು ಎಂದು 2016ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಅದನ್ನಾದರೂ ಸರ್ಕಾರ ಕಟ್ಟುನಿಟ್ಟಾಗಿ ಕೇಳಿದೆಯೇ?

ಕೆಲಸ ಸಿಕ್ಕ ಕಡೆಯೂ ಕೂಲಿಯ ಅನ್ಯಾಯ ಇದೆ. ಅಂಗವಿಕಲ ನೌಕರರನ್ನು ಕನಿಷ್ಠ ವೇತನದಿಂದ ಹೊರಗಿಡುವ ಅಧಿಕಾರವನ್ನು 1948ರ ಕನಿಷ್ಠ ವೇತನ ಕಾಯ್ದೆಯೇ ಸರ್ಕಾರಕ್ಕೆ ಕೊಟ್ಟಿತ್ತು. ಅಂಥ ಕಣ್ಣಿನಿಂದ ನೋಡಿದ ಸಮಾಜವು ಕಾರ್ಯಾಗಾರಗಳಲ್ಲಿ ದಿನವಿಡೀ ದುಡಿದವರ ಕೈಗೆ ಪ್ರೋತ್ಸಾಹಧನವೆಂದು ಕೆಲವು ನೂರು ರೂಪಾಯಿ ಇಟ್ಟು ಕಳಿಸುವುದನ್ನು ಸೇವೆ ಎಂದು ಕರೆಯುವ ರೂಢಿ ಬೆಳೆಸಿಕೊಂಡಿತು. ವರ್ಷಗಟ್ಟಲೆ ಒಬ್ಬರನ್ನು ಕಲಿಯುವವರೆಂದೇ ಹೆಸರಿಟ್ಟು ದುಡಿಸುವುದು ಶೋಷಣೆ. ಅದನ್ನು ಒಳ್ಳೆಯ ಉದ್ದೇಶದ ಸಂಸ್ಥೆ ಮಾಡಿದರೂ ಶೋಷಣೆಯೇ.

ನ್ಯಾಯಾಲಯಗಳು ತಮ್ಮ ಮಾತನ್ನು ಹೇಳಿವೆ. ಸೂಕ್ತ ಹೊಂದಾಣಿಕೆ ಮಾಡಿಕೊಡದಿರುವುದೇ ತಾರತಮ್ಯ ಎಂದು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ದೃಷ್ಟಿ ಇಲ್ಲದವರು ನ್ಯಾಯಾಧೀಶರಾಗಲು ಅನರ್ಹರು ಎಂಬ ನಿಯಮವನ್ನು 2025ರ ಮಾರ್ಚ್‌ನಲ್ಲಿ ಅದು ತಳ್ಳಿಹಾಕಿತು. ನ್ಯಾಯಪೀಠದಲ್ಲಿ ಕೂರಬಲ್ಲವರಿಗೆ ಮೇಣದಬತ್ತಿ ಅಚ್ಚು ಕೊಟ್ಟು ಕೂರಿಸುವ ಇಲಾಖೆಗಳು ಆ ತೀರ್ಪುಗಳನ್ನು ಓದಬೇಕು.

ರಾಜ್ಯ ಸರ್ಕಾರ ಈಗ ಮಾಡಬೇಕಾದ್ದು ಸ್ಪಷ್ಟ. ತರಬೇತಿ ಏಜೆನ್ಸಿಗಳಿಗೆ ಹಣದ ದೊಡ್ಡ ಪಾಲನ್ನು ಅಭ್ಯರ್ಥಿ ಒಂದು ವರ್ಷ ಕೆಲಸದಲ್ಲಿ ಉಳಿದ ಮೇಲೆ ಕೊಡಲಿ, ಹೆಚ್ಚು ನೆರವು ಬೇಕಾದವರಿಗೆ ಕಲಿಸಿದ ಏಜೆನ್ಸಿಗೆ ಹೆಚ್ಚು ಕೊಡಲಿ. ಉದ್ಯೋಗದಾತರನ್ನು ಮೊದಲು ಗೊತ್ತುಮಾಡಿ, ಅವರ ಅಂಗಳದಲ್ಲೇ ಕಲಿಸುವ ಪದ್ಧತಿ ತರಲಿ. ಕೆಲಸಕ್ಕೆ ಸೇರಿದವರ ಮಾಸಾಶನ ಕನಿಷ್ಠ ಎರಡು ವರ್ಷ ನಿಲ್ಲದಿರಲಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೌರವಧನದ ಬದಲು ಸಂಬಳ ಬರಲಿ, ಉದ್ಯೋಗ ಜೋಡಿಸುವ ಅಧಿಕಾರವೂ ಸಿಗಲಿ. ಎಲ್ಲಕ್ಕಿಂತ ಮೊದಲು, 2016ರ ಕಾಯ್ದೆ ಜಾರಿಯಾದಂದಿನಿಂದ ರಾಜ್ಯದಲ್ಲಿ ತರಬೇತಿ ಪಡೆದ ಅಂಗವಿಕಲರೆಷ್ಟು, ಅವರಲ್ಲಿ ಇವತ್ತು ಸಂಬಳದ ಕೆಲಸದಲ್ಲಿರುವವರೆಷ್ಟು ಎಂಬುದನ್ನು ಜಿಲ್ಲಾವಾರು, ಅಂಗವೈಕಲ್ಯವಾರು, ಹೆಣ್ಣು ಗಂಡು ಬೇರ್ಪಡಿಸಿ ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಮಂಡಿಸಲಿ. ಆ ಲೆಕ್ಕ ಸದನದ ಮುಂದೆ ಬರುವವರೆಗೆ ಅಂಗವಿಕಲರ ಹೆಸರಿನಲ್ಲಿ ಇನ್ನೊಂದು ಹೊಸ ತರಬೇತಿ ಯೋಜನೆ ಘೋಷಿಸುವ ಹಕ್ಕು ಈ ಸರ್ಕಾರಕ್ಕಾಗಲಿ, ಮುಂದೆ ಬರುವ ಸರ್ಕಾರಕ್ಕಾಗಲಿ ಇಲ್ಲ.